ಎರಡು ಸ್ಪೀಕರಿನ ನಡುವೆ ಕೇಳಿಸಿದ್ದು

ಭಾಗ್ಯಕ್ಕ, ಆ ದಿನ ಗಿಟಾರು ನಿಂತಿತ್ತು. ನೀವು ಕೂಗಿದಿರಿ. ನನಗೆ ಕೇಳಿಸಿತು.

ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು—ಅಲ್ಲ, ಬೇಕಾಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಯಾವಾಗ ಬೇಕಾದರೂ ಹೇಳಬಹುದಾಗಿತ್ತು. ನಿಮ್ಮ ಮನೆಯ ಜಗಲಿಯಲ್ಲಿ ಕೂತು, ನೀವು ಕೋಲು ಊರಿಕೊಂಡು ತಂದುಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೇಳದೆ ಎದ್ದು ಬಂದಿದ್ದೇನೆ. ಒಂದು ಸಲವಲ್ಲ.

ಆ ಬೆಳಿಗ್ಗೆ ನಿಮ್ಮ ಮೈದುನ ಲೋಕೇಶನೂ ನಾನೂ ಹೊಗೆಸೊಪ್ಪಿನ ಹಳೆಯ ಬ್ಯಾರನ್ನಿನೊಳಗೆ ಏನು ಮಾಡುತ್ತಿದ್ದೆವು ಎಂಬುದನ್ನು ನಿಮಗೆ ಯಾರೂ ಸರಿಯಾಗಿ ಬಿಡಿಸಿ ಹೇಳಿಲ್ಲ. ನಾನು ಹೇಳಬೇಕು. ಅದು ತಿಳಿಯದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಲೋಕೇಶ ಆಗಷ್ಟೇ ಪ್ರೊಸೆಸರ್ ತಂದಿದ್ದ. ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ಆ ಕಪ್ಪು ಪೆಟ್ಟಿಗೆ—‘ಮೈದುನ್ರು ಒಲಿಗೆ ಮಿಷನ್ ತಂದವ್ರೆ, ನಂಗೊಂದು ರವಿಕೆ ಒಲ್ಕೊಡಿ’ ಎಂದು ನೀವು ರೇಗಿಸುತ್ತಿದ್ದಿರಲ್ಲ, ಅದು. ಹತ್ತಾರು ಬಗೆಯ ಗಿಟಾರ್ ಆಂಪ್ಲಿಫೈಯರುಗಳ ನಾದವನ್ನು ಅದು ತನ್ನೊಳಗೇ ನಕಲು ಮಾಡುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಮದುವೆ ಆರತಕ್ಷತೆಯ ಸ್ಟೇಜಿನಲ್ಲಿ ಸಿಕ್ಕಿದ ಸ್ಪೀಕರಿಗೆ ಹಾಕಿದರೆ ತಗಡಿನ ಡಬ್ಬದಲ್ಲಿ ಸಿಕ್ಕಿಕೊಂಡ ಜೀರುಂಡೆಯಂತೆ ಕೇಳುತ್ತಿತ್ತು. ಒಳ್ಳೆಯ ಕ್ಯಾಬಿನೆಟ್, ಅಂದರೆ ಸ್ಪೀಕರಿನ ಪೆಟ್ಟಿಗೆ, ಬೇಕಿತ್ತು. ಎರಡನ್ನು ಎರವಲು ತಂದಿದ್ದೆವು. ಒಂದು, ಗಿಟಾರಿಗೆಂದೇ ಮಾಡಿದ ಮರದ ಕ್ಯಾಬಿನೆಟ್. ಒಳಗೆ ಏನೇ ಕಳಿಸಿದರೂ ತನ್ನ ಬಣ್ಣ ಬಳಿದೇ ಹೊರಗೆ ಬಿಡುವಂಥದ್ದು. ಇನ್ನೊಂದು ಫುಲ್ ರೇಂಜ್. ಕಳಿಸಿದ್ದನ್ನು ಕಳಿಸಿದ ಹಾಗೆಯೇ ಹೇಳುವಂಥದ್ದು. ಮರದ್ದು ಹೊಸ ಅಗ್ರಹಾರದ ಗೆಳೆಯನದು, ಅವನಿಗೆ ಅಂದೇ ಸಂಜೆ ಕಾರ್ಯಕ್ರಮವಿತ್ತು. ಮಧ್ಯಾಹ್ನದೊಳಗೆ ಹಿಂದಕ್ಕೆ ಕೊಡಬೇಕು. ಹಾಗಾಗಿ ಬೆಳಿಗ್ಗೆಯೇ ಕೂತೆವು.

ಎರಡರಲ್ಲಿ ಒಂದನ್ನು ಆರಿಸುವವನು ನಾನು. ವಾರವೆಲ್ಲ ಪಿರಿಯಾಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ವಾರಾಂತ್ಯದಲ್ಲಿ ಲೋಕೇಶನ ಆರ್ಕೆಸ್ಟ್ರಾಕ್ಕೆ ಮಿಕ್ಸಿಂಗ್. ‘ಶಿವು ಕಿವಿ ಅಂದ್ರೆ ಚಿನ್ನ ಕಣ್ಲಾ, ಅವ್ನು ಊಂ ಅಂದ್ರೆ ಮುಗೀತು’ ಎಂದು ಲೋಕೇಶ ಎಲ್ಲರೆದುರು ಹೇಳುತ್ತಿದ್ದ. ನನಗದು ಹಿತವಾಗಿತ್ತು.

ನಿಮ್ಮ ಯಜಮಾನರು ನಾಗರಾಜಣ್ಣ ರಸ್ತೆಬದಿಗೆ ಹೊಸ ಬ್ಯಾರನ್ ಕಟ್ಟಿಸಿದ ಮೇಲೆ ಹೊಲದ ತುದಿಯ ಹಳೆಯದು ನಮಗೆ ಸಿಕ್ಕಿತ್ತು. ಹೊಗೆಸೊಪ್ಪು ಬೇಯಿಸಲು ಕಟ್ಟಿದ ಕೋಣೆ—ದಪ್ಪ ಗೋಡೆ, ಎತ್ತರದ ಮಾಡು, ಕಿಟಕಿಯಿಲ್ಲ. ಬಾಗಿಲಲ್ಲಿ ಮಾತ್ರ, ಒಳಗಿನ ಶಾಖ ನೋಡಲೆಂದು ಮಾಡಿದ ಅಂಗೈಯಗಲದ ಗಾಜು. ಸ್ಟೇಜಿನಷ್ಟೇ ಜೋರಾಗಿ ನುಡಿಸಿದರೂ ಊರಿಗೆ ತೊಂದರೆಯಿಲ್ಲ. ಒಳಗಿನಿಂದ ಅಗುಳಿ ಹಾಕಿದ್ದು ನಾನು. ಫೋನು ಸ್ವಿಚ್ ಆಫ್ ಮಾಡೋಣ ಎಂದವನೂ ನಾನೇ. ಹತ್ತಿರದಲ್ಲಿ ಫೋನು ಬಂದರೆ ಗಿಟಾರಿನಲ್ಲಿ ಟಿರ್‌ಟಿರ್ ಎಂದು ಸದ್ದು ಏಳುತ್ತದೆ. ಇವೆರಡು ಎಲ್ಲರಿಗೂ ಗೊತ್ತು. ಇವಕ್ಕೆ ಯಾರೂ ನನ್ನನ್ನು ದೂರಲಿಲ್ಲ.

ರಾತ್ರಿ ಆನೆಗಳು ಕಾಡಂಚಿನ ಕಂದಕ ದಾಟಿ ಆಚೆ ಹೊಲದ ಜೋಳಕ್ಕೆ ಇಳಿದಿದ್ದವು, ಬೆಳಗಾದರೂ ಕಾಡಿಗೆ ಮರಳಿರಲಿಲ್ಲ ಎಂಬುದು ನಮಗೆ ತಿಳಿಯಲೇ ಇಲ್ಲ. ಪಟಾಕಿ ಸಿಡಿಸಿ ಅಟ್ಟುವಾಗ ಒಂದು ಸಲಗ ಗುಂಪು ಬಿಟ್ಟು ನಿಮ್ಮ ಹೊಲದ ಕಡೆ ತಿರುಗಿತು. ನಾಗರಾಜಣ್ಣ ಡೇರಿಗೆ ಹಾಲು ಹಾಕಲು ಹೋಗಿದ್ದರು. ನೀವು ಲೋಕೇಶನಿಗೆ ಫೋನು ಮಾಡಿದಿರಿ, ಸ್ವಿಚ್ ಆಫ್. ನನಗೆ ಮಾಡಿದಿರಿ, ಸ್ವಿಚ್ ಆಫ್. ಆನೆ ಬಂದದ್ದು ತಿಳಿಯದೆ ನಾವಿಬ್ಬರೂ ಬಾಗಿಲು ತೆಗೆದು ಹೊರಗೆ ಬಂದುಬಿಟ್ಟರೆ—ಎಂದು ಹೆದರಿ, ಬದುವಿನ ಮೇಲೆ ಓಡಿ ಬಂದಿರಿ. ನೀವು ಬರುವಷ್ಟರಲ್ಲಿ ಅದು ಬ್ಯಾರನ್ನಿನ ಹಿಂದೆಯೇ ಇತ್ತು.

ಒಳಗೆ—

ಒಂದು ಕ್ಯಾಬಿನೆಟ್ಟಿನಿಂದ ಇನ್ನೊಂದಕ್ಕೆ ಹೋಗುವಾಗ ವೈರು ಬದಲಾಯಿಸಬೇಕು. ಪ್ರೊಸೆಸರಿನೊಳಗೂ ಒಂದು ಹೊಂದಿಕೆ ಬದಲಾಯಿಸಬೇಕು: ಮರದ ಪೆಟ್ಟಿಗೆಯ ನಾದವನ್ನೂ ಅದು ನಕಲು ಮಾಡುತ್ತದೆ, ನಿಜವಾದ ಮರದ ಕ್ಯಾಬಿನೆಟ್ ಇರುವಾಗ ಆ ನಕಲನ್ನು ಬಂದ್ ಮಾಡಿರಬೇಕು, ಇನ್ನೊಂದಕ್ಕೆ ಹೋದಾಗ ಮತ್ತೆ ಹಚ್ಚಬೇಕು. ಆ ಸ್ವಲ್ಪ ಹೊತ್ತು ಗಿಟಾರು ಸುಮ್ಮನಿರಲೇಬೇಕು. ಲೋಕೇಶ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ನುಡಿಸಿದ ಧಾಟಿ ಮರೆಯದಿರಲೆಂದು ಗಂಟಲಲ್ಲೇ ಗುನುಗುತ್ತಿದ್ದ. ನಾನು ದೂರದಿಂದ ಕೇಳಬೇಕೆಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

‘ಲೋಕೇಶಾ... ಬಾಗ್ಲು ತಗೀರ್ಲಾ!’

ನಿಮ್ಮ ದನಿ. ಬೇರೆ ಯಾರದೂ ಅಲ್ಲ.

ಭಾಗ್ಯಕ್ಕ, ನಾದ ಹೋಲಿಸುವವರಿಗೆ ಒಂದು ಗೀಳು ಇರುತ್ತದೆ. ಕೇಳಿದ ಸದ್ದಿನ ಸೂಕ್ಷ್ಮ ಕಿವಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಹೋಯಿತು, ಮತ್ತೆ ಮೊದಲಿನಿಂದ. ನಾನು ಆ ಮರದ ಕ್ಯಾಬಿನೆಟ್ಟಿನ ನಾದವನ್ನು ತುಂಬಿದ ಬಿಂದಿಗೆಯ ಹಾಗೆ ತುಳುಕದಂತೆ ಹಿಡಿದುಕೊಂಡು ನಿಂತಿದ್ದೆ. ತಿಂಡಿಗೆ ಕರೆಯುತ್ತಿದ್ದಾರೆ, ಇದೊಂದು ಮುಗಿಯಲಿ ಎಂದುಕೊಂಡೆ. ವೈರು ಸಿಕ್ಕಿಸಿ ಲೋಕೇಶ ತಲೆ ಎತ್ತಿದ. ತನ್ನ ಗುನುಗಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ನಾನು ಕೈ ಬೀಸಿ, ‘ಹೂಂ, ಹಾಕು’ ಎಂದೆ.

ಅವನು ತಂತಿ ಮೀಟಿದ. ಗೋಡೆ ನಡುಗಿತು. ನೀವು ಮತ್ತೆ ಕೂಗಿದ್ದರೆ ಅದು ನಮ್ಮ ತನಕ ಬರುವಂತಿರಲಿಲ್ಲ.

ಇಷ್ಟೇ ಆಗಿದ್ದರೆ ಅಜಾಗ್ರತೆ ಎನ್ನಬಹುದಿತ್ತು. ಇಲ್ಲಿಗೇ ನಿಲ್ಲಿಸಿ ಈ ಕಾಗದವನ್ನು ಮಡಿಚಿಡಬೇಕು ಎಂದು ಈಗಲೂ ಮನಸ್ಸು—ಬೇಡ.

ತಿಂಡಿಗೆ ಕರೆಯುವ ದನಿ ಅದಾಗಿರಲಿಲ್ಲ. ನನಗೆ ಗೊತ್ತಾಗಿತ್ತು. ತಿಂಡಿಗೆ ಕರೆಯುವಾಗ ನೀವು ‘ಲೋಕೇಶ’ ಎಂಬುದನ್ನು ಎಳೆಯುತ್ತೀರಿ, ಕೊನೆಗೆ ಒಂದು ಬೈಗುಳ ಸೇರಿಸುತ್ತೀರಿ. ಅಂದು ಹೆಸರು ನಡುವೆ ಒಡೆದಿತ್ತು. ‘ಬಾಗ್ಲು’ ಎನ್ನುವಾಗ ಉಸಿರಿರಲಿಲ್ಲ. ಭಯವನ್ನು ಭಯವೆಂದು ಗುರುತಿಸುವಷ್ಟು ಕಿವಿ ನನಗಿತ್ತು—ಚಿನ್ನದ ಕಿವಿ. ಗುರುತಿಸಿದೆ. ಆಮೇಲೂ ಕೈ ಬೀಸಿದೆ.

ಎರಡನೆಯ ಕ್ಯಾಬಿನೆಟ್ಟನ್ನು ನಾನು ಕೇಳಲೇ ಇಲ್ಲ. ಕಣ್ಣು ಹಿಂದಕ್ಕೆ, ಬಾಗಿಲಿನ ಗಾಜಿಗೆ ಹೋಯಿತು. ಬಿಸಿಲು ಬಿದ್ದು ಹೊಳೆಯುತ್ತಿದ್ದ ಆ ಅಂಗೈಯಗಲದ ಬೆಳಕು ಆರಿತು. ಯಾರೋ ಹೊರಗಿನಿಂದ ಕಂಬಳಿ ಇಳಿಬಿಟ್ಟ ಹಾಗೆ. ಬೂದು ಬಣ್ಣದ ಏನೋ ನಿಧಾನಕ್ಕೆ ಸರಿಯಿತು, ಸರಿಯುತ್ತಲೇ ಇತ್ತು, ಮುಗಿಯಲೊಲ್ಲದು. ಮತ್ತೆ ಬೆಳಕು ಬಂತು. ಲೋಕೇಶ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ನಾನು ಅವನನ್ನು ತಡೆಯಲಿಲ್ಲ. ಅವನೇ ನಿಲ್ಲಿಸಿ, ‘ಎಂಗದೆ ಏಳ್ಲಾ, ಇದಾ, ಅದಾ?’ ಎಂದ. ನಾನು ‘ಇದೇ’ ಎಂದೆ. ಯಾಕೆಂದೆನೋ. ಆಮೇಲೆ ಅಗುಳಿ ತೆಗೆದೆ.

ನೀವು ಸೌದೆ ಒಟ್ಟಿಲ ಪಕ್ಕದಲ್ಲಿ ಬಿದ್ದಿದ್ದಿರಿ. ಸೊಂಟದ ಕೆಳಗೆ ಕಾಲು ಕಾಲಿನ ಹಾಗಿರಲಿಲ್ಲ. ಜೋಳದ ಮೇಲೆ ಸಲಗದ ಬೆನ್ನು ತೇಲಿಕೊಂಡು ದೂರ ಹೋಗುತ್ತಿತ್ತು. ನಿಮ್ಮ ಕಣ್ಣು ತೆರೆದಿತ್ತು. ಬಾಗಿಲನ್ನೇ ನೋಡುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ, ನಿಮಗೆ ಮಾತು ಬಂದಾಗ, ಹಾಸಿಗೆಯ ಸುತ್ತ ನಾವು ಮೂವರೂ ಇದ್ದೆವು. ನಾಗರಾಜಣ್ಣ ಅಳುತ್ತಲೇ ಬೈಯುತ್ತಿದ್ದರು: ‘ಆನೆ ಬಂದದೆ ಅಂತ ಗೊತ್ತಿದ್ದೂ ಯಾಕಮ್ಮಿ ಈಚೆಗೆ ಓದೆ?’ ನೀವು ನಮ್ಮ ಕಡೆ ನೋಡಿದಿರಿ.

‘ಗಿಟಾರು ನಿಂತಿತ್ತಲ್ಲಾ ಶಿವು. ಬಾಗ್ಲು ತಗೀರ್ಲಾ ಅಂತ ಕೂಗ್ದೆ. ಯಾಕ್ರಪ್ಪಾ ತಗೀನಿಲ್ಲ?’

ದೂರು ಇರಲಿಲ್ಲ ಆ ಪ್ರಶ್ನೆಯಲ್ಲಿ. ಬರೀ ತಿಳಿದುಕೊಳ್ಳಬೇಕಿತ್ತು ನಿಮಗೆ. ನಾಗರಾಜಣ್ಣ ನನ್ನ ಮುಖ ನೋಡಿದರು. ನಾನು ಹೇಳಿದೆ:

‘ನಿಂತಿರಲಿಲ್ಲ ಅಕ್ಕ. ನಾವು ನಡುವೆ ನಿಲ್ಲಿಸಲೇ ಇಲ್ಲ.’

ಲೋಕೇಶ ಹುಬ್ಬು ಗಂಟಿಕ್ಕಿದ. ‘ವೈರ್ ಬದ್ಲಾಯಿಸ್ದಾಗ ಒಸಿ ನಿಲ್ಸಿದ್ವಲ್ಲೇನ್ಲಾ...’

‘ಅದು ಅದಕ್ಕೂ ಎಷ್ಟೋ ಮುಂಚೆ ಕಣೋ. ನೀನು ಹಿಂದುಗಡೆ ಬಗ್ಗಿದ್ದೆ, ನಿನಗೆ ಹೊತ್ತು ತಿಳಿದಿರಲ್ಲ.’

ಅವನು ತಲೆಯಾಡಿಸಿದ. ಕಿವಿಯ ವಿಷಯದಲ್ಲಿ ಅವನು ನನಗೆ ಯಾವತ್ತೂ ಎದುರು ಹೇಳಿದವನಲ್ಲ. ನಾಗರಾಜಣ್ಣ ನಿಮ್ಮ ಹಣೆ ಸವರಿ, ‘ಗಾಬ್ರಿಗೆ ಅಂಗೆ ಅನ್ಸದೆ, ಬುಡು’ ಎಂದರು. ನೀವು ಇನ್ನೊಂದು ಸಲ ‘ನಿಂತಿತ್ತು’ ಎಂದಿರಿ. ಯಾರೂ ಮಾತಾಡದಿದ್ದಾಗ ‘ನಿಂತಿತ್ತು ಅನ್ಸುತ್ತೆ’ ಎಂದಿರಿ. ಆ ‘ಅನ್ಸುತ್ತೆ’ ನನ್ನಿಂದ ಬಂದದ್ದು.

ಕಾಲನ್ನು ಮುರಿದದ್ದು ಆನೆ. ಅದಾದ ಮೇಲಿನದೆಲ್ಲ ನಾನು.

ಆ ಮನೆಯ ನೆನಪೆಲ್ಲ ನಿಮ್ಮ ತಲೆಯಲ್ಲಿತ್ತು. ಯಾವ ಹಸು ಯಾವಾಗ ಗಬ್ಬವಾಯಿತು, ಯಾವ ನಂಟರ ಮನೆಗೆ ಏನು ಉಡುಗೊರೆ ಹೋಯಿತು, ಬೀಗದ ಕೈ ಎಲ್ಲಿದೆ—ಕೇಳಿದರೆ ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದಿರಿ. ಈಗ ಗ್ಯಾಸ್ ಆರಿಸಿದ ಮೇಲೂ ತಿರುಗಿ ಹೋಗಿ ಮುಟ್ಟಿ ನೋಡುತ್ತೀರಿ. ಆಗಷ್ಟೇ ಹೇಳಿದ ಮಾತಿಗೆ ‘ನಾ ಅಂಗಂದ್ನಾ?’ ಎಂದು ಕೇಳುತ್ತೀರಿ. ನಿಮ್ಮ ತೋಳಿಗೆ ತಾಯತ ಕಟ್ಟಿಸಿದರು. ಹೋದ ಹಬ್ಬದಲ್ಲಿ ಪಾಯಸಕ್ಕೆ ಬೆಲ್ಲ ಹಾಕಿದ್ದೀನೋ ಇಲ್ಲವೋ ಎಂದು ನೀವು ನಿಂತಾಗ ನಾಗರಾಜಣ್ಣ, ‘ಇವ್ಳ್ ತಲೆಗೂ ಒಂದು ಒದ್ದದೆ ಕಣ್ರೋ ಆ ಆನೆ’ ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನೂ ನಕ್ಕೆ, ಭಾಗ್ಯಕ್ಕ. ಬಾಯಲ್ಲಿ ಪಾಯಸವಿತ್ತು.

ಲೋಕೇಶ ಆ ಫುಲ್ ರೇಂಜ್ ಕ್ಯಾಬಿನೆಟ್ಟನ್ನೇ ಕೊಂಡ, ನನ್ನ ಮಾತಿನ ಮೇಲೆ. ಹುಣಸೂರು, ಕೋಟೆ, ಹಂಪಾಪುರ—ಎಲ್ಲಿ ಹೋದರೂ ಅದು ನಮ್ಮ ಜೊತೆಗಿರುತ್ತದೆ. ಹಾಡು ನಡೆಯುವಾಗ ನನಗೇನೂ ಆಗುವುದಿಲ್ಲ. ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಲೋಕೇಶ ಪೆಡಲು ಬದಲಿಸಲು ಬಗ್ಗುತ್ತಾನೆ, ಸ್ಪೀಕರು ಸುಮ್ಮನಾಗುತ್ತದೆ—ಆಗ ನನ್ನ ಬೆನ್ನ ಹಿಂದೆ ಬಾಗಿಲಿರುತ್ತದೆ. ಬಯಲಿನಲ್ಲಿ ಹಾಕಿದ ಶಾಮಿಯಾನದಲ್ಲೂ ಇರುತ್ತದೆ. ಆ ತೆರಪು ಬರದಿರಲೆಂದು ನಾನು ಪ್ರತಿ ಹಾಡಿನ ಬಾಲಕ್ಕೆ ಏನಾದರೊಂದು ಟ್ರ್ಯಾಕ್ ಅಂಟಿಸುತ್ತೇನೆ. ‘ನಿಮ್ಮ ಆರ್ಕೆಸ್ಟ್ರಾ ಎಲ್ಲೂ ಡಲ್ ಹೊಡೆಯಲ್ಲ ಸಾರ್’ ಎಂದು ಜನ ಹೊಗಳುತ್ತಾರೆ. ತರಗತಿಯಲ್ಲಿ ಹಾಗೆ ಮಾಡಲಾಗದು. ಶಬ್ದದ ಅಲೆಗಳ ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿ ಒಂದು ಗಳಿಗೆ ಸುಮ್ಮನಾದೆನೋ—ನಿಮ್ಮ ದನಿ. ಹೆಚ್ಚು ಹೊತ್ತು ಕಿವಿಯಲ್ಲಿ ನಿಲ್ಲುವುದಿಲ್ಲ ಎಂದು ನಾನು ನಂಬಿದ್ದೆನಲ್ಲ.

ಮೊನ್ನೆ ಲೋಕೇಶ, ಆ ಸ್ಪೀಕರಿನ ಕೋನ್ ಹರಿದಿದೆ, ಹೊಸದು ನೋಡಬೇಕು ಎಂದ. ಎರಡು ಬಗೆಯದು ತರಿಸುತ್ತಾನಂತೆ. ‘ಭಾನುವಾರ ಬೆಳಿಗ್ಗೆ ಬಂದ್ಬುಡು. ಬ್ಯಾರನ್ನಲ್ಲೇ ಆಕ್ಕಂಡು ಕೇಳನ. ನೀನು ಊಂ ಅಂದಿದ್ದನ್ನ ತಗತೀನಿ.’ ನೀವು ಜಗಲಿಯ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಿರಿ. ಅವನು ಎದ್ದು ಹೋದ ಮೇಲೆ, ತಲೆ ಎತ್ತದೆ ಮೆಲ್ಲಗೆ ಕೇಳಿದಿರಿ:

‘ಶಿವು, ನೀನು ಓದ್ದೋನು. ದಿಟ ಏಳು. ನನ್ ತಲೆ ಕೆಟ್ಟದಾ? ಯಾಕಂದ್ರೆ ನಂಗೆ ಇವತ್ಗೂ ಅದು ನಿಂತಿದ್ದಂಗೇ ಕೇಳ್ಸುತ್ತೆ ಕಣೋ.’

‘ಇಲ್ಲ ಅಕ್ಕ, ನಿಮ್ಮ ತಲೆಗೇನೂ ಆಗಿಲ್ಲ’ ಎಂದೆ. ಅರ್ಧ ಸತ್ಯ. ಉಳಿದರ್ಧ ನಾಲಿಗೆಯ ತುದಿಯಲ್ಲಿತ್ತು. ನೀವು ಕಾದಿರಿ. ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ಹಿಡಿದುಕೊಂಡು ಕಾದಿರಿ. ನಾನು ಬೈಕಿನ ಕೀಲಿ ಹುಡುಕಿದೆ.

ಅಂದು ಏನೂ ರೆಕಾರ್ಡ್ ಆಗಿರಲಿಲ್ಲ. ಸಾಕ್ಷಿ ಎಂದರೆ ನನ್ನ ಕಿವಿಯೊಂದೇ. ಅದು ಸುಮ್ಮನಿದ್ದರೆ ನೀವು ಬದುಕಿಡೀ ನಿಮ್ಮ ಮೇಲೇ ಅನುಮಾನ ಪಡುತ್ತಿರಬೇಕು. ಬಾಗಿಲು ತೆಗೆದಿದ್ದರೆ ನೀವು ಒಳಗೆ ಬರುತ್ತಿದ್ದಿರಿ. ಆ ಕೆಲಸ ಆಗಲೇ ಆಗಬೇಕಿತ್ತು, ಈಗ ಅದನ್ನು ಮಾಡಲಾಗದು. ಆದರೆ ನೀವು ಕೇಳಿದ್ದು ಕೇಳಿದ್ದೇ, ಕೂಗಿದ್ದು ಕೂಗಿದ್ದೇ ಎಂಬ ಮಾತನ್ನು ನಿಮ್ಮಿಂದ ಕಿತ್ತುಕೊಂಡವನು ನಾನು. ಅದನ್ನು ತಂದೊಪ್ಪಿಸಬೇಕು. ಕಾಗದದಲ್ಲಿ ಅಲ್ಲ, ಅಂದು ನನ್ನ ಸುಳ್ಳು ಕೇಳಿದವರೆಲ್ಲರ ಎದುರಿಗೆ. ನಾಗರಾಜಣ್ಣ ಏನು ಮಾಡುತ್ತಾರೋ, ಲೋಕೇಶ ಮತ್ತೆ ನನ್ನ ಮುಖ ನೋಡುತ್ತಾನೋ ಇಲ್ಲವೋ, ನನಗೆ ತಿಳಿಯದು. ಕ್ಷಮಿಸಿ ಎಂದು ಕೇಳುವುದಿಲ್ಲ.

ಭಾನುವಾರ ಬರುತ್ತೇನೆ. ಬ್ಯಾರನ್ನಿಗೆ ಅಲ್ಲ, ನೇರ ನಿಮ್ಮ ಮನೆಗೆ. ಅಷ್ಟರಲ್ಲಿ ಈ ಕಾಗದ ನಿಮ್ಮ ಕೈಸೇರಿ, ನೀವು ಬಾಗಿಲು ತೆಗೆಯದಿದ್ದರೆ, ಹೊರಗೆ ನಿಂತೇ ಹೇಳುತ್ತೇನೆ—ಒಳಗಿದ್ದವರಿಗೆಲ್ಲ ಕೇಳಿಸುವ ಹಾಗೆ, ಕೂಗಿ.