ಸದ್ದು ಮಾಡದ ಬಾಗಿಲು

“ನಿನ್ನ ಬಾಗ್ಲು ನಮ್ಮ ಸಿಂಹಕ್ಕಿಂತ ಜೋರಾಗಿ ಗರ್ಜಿಸ್ತದಲ್ಲಪ್ಪಾ!” ಎಂದು ಗಿರಾಕಿಯಾಗಿ ಬಂದಿದ್ದ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡು ನಕ್ಕರು. ಸರ್ಕಸ್ಸಿನಿಂದ ಬಿಡಿಸಿ ತಂದ ಸಿಂಹಗಳ ಆರೈಕೆಯಲ್ಲೇ ಅವರ ಆಯಸ್ಸು ಕಳೆದಿದೆ. ಅವರಿಗಾಗಿ ಮಾಡಿದ್ದ ಬೋನಿನ ಬಾಗಿಲನ್ನು ಆಂಡರ್ಸನ್‌ಪೇಟೆಯ ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಧಡಾರನೆ ಎಳೆದು ತೋರಿಸಿದ್ದೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ನನ್ನ ಕೆಲಸಕ್ಕೆ ಇದುವರೆಗೆ ಯಾರೂ ನಕ್ಕಿರಲಿಲ್ಲ.

“ಸದ್ದು ಬಂದ್ರೇನೇ ಗಟ್ಟಿ ಸಾರ್. ಸಿಂಹ ಗುದ್ದಿದ್ರೂ ಅಲ್ಲಾಡಲ್ಲ,” ಎಂದೆ.

“ಅದ್ಯಾಕಪ್ಪ ಗುದ್ದತ್ತೆ? ಬಾಗ್ಲು ತೆಗೆದ್ರೂ ನಮ್ಮುಡುಗಿ, ಆ ಹೆಣ್ಣು ಸಿಂಹ, ಆಚೆ ಬರಲ್ಲ. ಸರ್ಕಸ್ಸಲ್ಲಿ ಕಬ್ಬಿಣ ಸದ್ದಾದ್ರೆ ಏಟು ಬೀಳ್ತಿತ್ತು. ಈಗ್ಲೂ ಸದ್ದು ಕೇಳಿದ್ರೆ ಮೂಲೆ ಸೇರ್ತಾಳೆ. ಮುದುಕಿ ಆದ್ಳು, ಇನ್ನೂ ಹುಲ್ಲು ಮೆಟ್ಟಿಲ್ಲ.”

ಬಾಗಿಲು ಜಾರುವ ಕಡೆ ಗ್ರೀಸ್ ಬಳಿದೆ, ಬಡಿಯುವ ಕಡೆ ಲಾರಿ ಟ್ಯೂಬು ಕತ್ತರಿಸಿ ಕೂರಿಸಿದೆ.

ಬಾಗಿಲು ಕಳಿಸಿಕೊಟ್ಟು ವಾರವಾದ ಮೇಲೆ ಅವರ ಫೋನು ಬಂತು: “ಬಿಸಿಲಲ್ಲಿ ಹೊಟ್ಟೆ ಮೇಲೆ ಮಾಡ್ಕೊಂಡು ಹುಲ್ಲಲ್ಲಿ ಬಿದ್ದವ್ಳೆ ಕಣಪ್ಪ. ಈಗ ಒಳಕ್ಕೆ ಬಾ ಅಂದ್ರೆ ಬರಲ್ಲ!”

ಅಂದಿನಿಂದ ಗೇಟು ಮಾಡಿಸಲು ಯಾರೇ ಬಂದರೂ “ಒಳಗೆ ಯಾರಿರ್ತಾರೆ?” ಎಂದು ಮೊದಲು ಕೇಳುತ್ತೇನೆ. ಮೊನ್ನೆ ಬಂಗಾರಪೇಟೆಯವರೊಬ್ಬರು, “ನಮ್ಮಜ್ಜಿ. ಸಿಂಹ ಅಂತ್ಲೇ ತಿಳ್ಕೊ,” ಎಂದರು. ಅವರ ಗೇಟಿಗೂ ಟ್ಯೂಬು ಹಾಕಿಕೊಟ್ಟೆ.