ದಾರಿಯಲ್ಲಿ ಇಳಿಸಿದ ಕಲ್ಲು

ಚಿಂಚೋಳಿಯ ಏರಿನಲ್ಲಿ ನಮ್ಮ ಡೀಸೆಲ್ ಜೀಪು ಕರಿಹೊಗೆ ಕಾರತೊಡಗಿತು. ಹೊಗೆಕೊಳವೆ ಕೆಂಡದಂತೆ ಕೆಂಪೇರಿತ್ತು. ಹಿಂದಿನ ಟ್ರೇಲರಿನಲ್ಲಿ ಶಹಾಬಾದಿನ ಎರಡು ದಪ್ಪ ಚಪ್ಪಡಿಗಳಿದ್ದವು: ಲಿಂಗೈಕ್ಯಳಾದ ನನ್ನ ಧರ್ಮಪತ್ನಿಯ ಸಮಾಧಿಗೊಂದು, ಮುಂದೆ ಅವಳ ಪಕ್ಕದಲ್ಲಿ ನನಗೊಂದು.

ಚಾಲಕ ಮಹಬೂಬ ಇಂಜಿನ್ನನ್ನು ಆರಿಸದೆ, ಕಾವಿಳಿಯಲೆಂದು ಮೆಲ್ಲಗೆ ಓಡಲು ಬಿಟ್ಟು ಕೆಳಗಿಳಿದ.

“ಇಷ್ಟು ಕಾವು ಇಂಜಿನ್ ತಡಿಯಂಗಿಲ್ರಿ ಅಪ್ಪಾರ. ಒಂದು ಕಲ್ಲು ಇಳಸ್ರಿ, ಇಲ್ಲಂದ್ರ ಎರಡೂ ಇಲ್ಲೇ ಉಳೀತಾವ.”

“ನಂದು ಇಳಸಪಾ” ಎಂದೆ.

“ಛಲೋ ಆತ್ರಿ, ನಿಮಗಿನ್ನಾ ಭಾಳ ಟೈಮ್ ಅದ” ಎಂದು ನಕ್ಕ. ಹಾರೆ ಹಾಕಿ ಅದನ್ನು ರಸ್ತೆಯಂಚಿಗೆ ಜಾರಿಸಿದೆವು. ಸಂಜೆಯೊಳಗೆ ಅವಳ ಕಲ್ಲು ಅವಳನ್ನು ಸೇರಿತು.

ನನ್ನದನ್ನು ತರಲು ಮತ್ತೆ ಹೋದಾಗ, ಬಸ್ಸಿಗೆ ಕಾಯುವ ಹೆಂಗಸರು ಅದರ ಮೇಲೆ ಕುಳಿತು ಮಾತಾಡುತ್ತಿದ್ದರು; ಎಬ್ಬಿಸಲು ಮನಸ್ಸಾಗಲಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ಅಲ್ಲಿ ಕ್ಷಣಕಾಲ ಕುಳಿತು, ಶಿವನನ್ನು ನೆನೆದು ಏಳುತ್ತೇನೆ. ಅವಳ ಪಕ್ಕ ಇನ್ನೂ ಬರಿದಾಗಿಯೇ ಇದೆ.