ತಮ್ಮನ ಪಾಲಿನ ಬೆಂಕಿ ಗೆರೆ

ಗುಡ್ಡದಲ್ಲಿ ಹೊಗೆ ಕಂಡರೆ ಊರಿನವರೆಲ್ಲ ಮೊದಲು ನೋಡುತ್ತಿದ್ದದ್ದು ಅಂಕಮ್ಮನ ಮನೆಯ ಕಡೆ. ಮಾರಂಡಹಳ್ಳಿಯಾಚೆಯ ಆ ಸಣ್ಣ ಊರಲ್ಲಿ, ಗುಡ್ಡಕ್ಕೆ ಬೆನ್ನುಕೊಟ್ಟು ನಿಂತ ಮನೆಸಾಲಿನಲ್ಲಿ, ಹುಲ್ಲಿನ ಸೂರು ಉಳಿದಿದ್ದು ಅವಳದೊಂದೇ. ಪಕ್ಕದ್ದು ತಮ್ಮ ತಿಮ್ಮರಾಜುವಿನ ತಾರಸಿ ಮನೆ. ಆ ತಾರಸಿ ಹಾಕಿದಾಗ ಬಿರುಕು ಬಿಡದ ಹಾಗೆ ಬೆಳಿಗ್ಗೆ ಸಂಜೆ ಬಿಂದಿಗೆ ಹೊತ್ತು ನೀರು ಹೊಯ್ದವಳೂ ಅಂಕಮ್ಮನೇ. ತಾಯಿ ಸತ್ತಾಗ ಅವನಿನ್ನೂ ತೆವಳುತ್ತಿದ್ದ. ಕಂಕುಳಲ್ಲಿ ಅವನನ್ನಿಟ್ಟುಕೊಂಡೇ ಕುರಿ ಕಾದವಳು. ಗಂಡ ತೀರಿಕೊಂಡ ಮೇಲೆ ಅವನ ಊರು ಕಡಯಂಪಟ್ಟಿಯಿಂದ ತನ್ನ ಕುರಿಗಳನ್ನು ಹೊಡೆದುಕೊಂಡು ನೇರ ತಮ್ಮನ ಪಕ್ಕಕ್ಕೇ ಬಂದಳು.

ಶಿವರಾತ್ರಿ ಕಳೆಯುತ್ತಲೇ ಊರವರು ಬೆಂಕಿ ಗೆರೆ ಹಾಕುತ್ತಾರೆ. ಗುಡ್ಡಕ್ಕೂ ಮನೆಗಳಿಗೂ ನಡುವಿನ ಹುಲ್ಲನ್ನು ಬುಡಸಮೇತ ಕೆತ್ತಿ ಬರೀ ಕೆಂಪು ನೆಲ ಮಾಡುತ್ತಾರೆ. ಹಿತ್ತಲ ನೇರಕ್ಕೆ ಅವರವರ ಪಾಲು. ದೂರದಿಂದ ಕೆಂಪಗೆ ಕಂಡರೆ ಮುಗಿಯಿತು. ಇನ್ನೊಬ್ಬರ ಪಾಲಿನೊಳಗೆ ಕಾಲಿಟ್ಟು ಪರೀಕ್ಷೆ ಮಾಡುವುದೆಂದರೆ ಅವರ ಮುಖಕ್ಕೆ ಉಗಿದ ಹಾಗೆ.

"ಏನಕ್ಕಾ, ಗುಡ್ಡಾನೇ ಬೋಳಿಸ್ಬುಡ್ತೀಯಾ? ಸಾಕ್ ಬಾ, ಕಾಪಿ ಕುಡಿ," ಎಂದ ತಿಮ್ಮರಾಜು ಆ ವರ್ಷ.

"ನಿನ್ ತಲೆ ಬೋಳಿಸ್ತೀನಿ ಕಣ್ಲಾ. ನಿಂದಾತಾ?"

"ಸತ್ಯವಾಗ್ಲೂ ಆತಕ್ಕಾ! ಎಂಗ್ ಕೆಂಪ್ಗೈತೆ, ಕಾಣಾಕಿಲ್ವಾ?"

ಕಂಡಿತು. ಅವಳದಕ್ಕಿಂತಲೂ ಕೆಂಪಾಗಿತ್ತು. 'ಪರವಾಗಿಲ್ಲ, ಬುದ್ಧಿ ಬಂತು ಇವನಿಗೆ' ಎಂದು ಒಳಗೊಳಗೇ ಹಿಗ್ಗಿ ಕಾಪಿಗೆ ಕೂತಳು.

ಬೆಂಕಿ ಬಂದದ್ದು ಹಾಡುಹಗಲಲ್ಲೇ. ಗುಡ್ಡದ ನೆತ್ತಿಯಿಂದ ಚಟಚಟ ಸದ್ದು ಮಾಡುತ್ತಾ ಇಳಿಯಿತು. ಜನ ಹಸಿ ಹೊಂಗೆಕೊಂಬೆ ಹಿಡಿದು ನಿಂತರು. ಅಂಕಮ್ಮನ ಗೆರೆಯ ಅಂಚಿಗೆ ಬಂದದ್ದೇ, ತಿನ್ನಲು ಏನೂ ಸಿಗದೆ ಬೆಂಕಿ ಸತ್ತಿತು. "ನೋಡ್ರಲಾ!" ಎಂದು ಅವಳು ಕೊಂಬೆ ಬೀಸಿ ಕುಣಿದಳು.

ಆಗಲೇ ತಿಮ್ಮರಾಜುವಿನ ಪಾಲಿನ ಕೆಂಪು ಮಣ್ಣಿನೊಳಗಿಂದ ಹೊಗೆ ಎದ್ದಿತು. ಅವನು ಹುಲ್ಲು ಕೆತ್ತಿರಲೇ ಇಲ್ಲ. ಒಣಹುಲ್ಲನ್ನು ತುಳಿದು ಮಲಗಿಸಿ, ಬಾವಿ ತೋಡಿದ ಮಣ್ಣನ್ನು ಮೇಲೆ ತೆಳ್ಳಗೆ ಚೆಲ್ಲಿದ್ದ. ಬೆಂಕಿ ಅದರಡಿಯಲ್ಲೇ ಹರಿದು, ಈಚೆಯ ಬೇಲಿ ಹಿಡಿದು, ಗಾಳಿಯ ಜೊತೆ ಅಂಕಮ್ಮನ ಸೂರಿಗೆ ಹಾರಿತು. ಅವಳು ಓಡಿಹೋಗಿ ದೊಡ್ಡಿಯ ಬಾಗಿಲು ಕಿತ್ತೆಸೆದಳು. ಕುರಿಗಳು ಉಳಿದವು. ತಿರುಗಿ ನೋಡುವಷ್ಟರಲ್ಲಿ ಸೂರು ಕುಸಿದು ಮನೆಯೊಳಗೇ ಬಿದ್ದಿತ್ತು.

"ಯಾಕ್ಲಾ?" ಎಂದಳು, ಅಷ್ಟೇ.

"ಟೊಮೇಟೊ ಕುಯ್ಯೋದಿತ್ತಕ್ಕಾ. ಟೈಮ್ ಸಿಗ್ಲಿಲ್ಲ."

"ಮಣ್ ಚೆಲ್ಲಾಕೆ ಸಿಕ್ತಾ?"

"ಯಾವ ವರ್ಸಾನೂ ಕೆಳಗಂಟ ಬರ್ಲಿಲ್ವಲ್ಲಾ... ಎಂಗೂ ನಮ್ದು ತಾರಸಿ..." ಎಂದವನು ನಾಲಗೆ ಕಚ್ಚಿಕೊಂಡ.

ಅಂಕಮ್ಮ ಆ ತಾರಸಿಯನ್ನೇ ನೋಡಿದಳು. ಗೋಡೆಗೆ ಮಸಿ ಹತ್ತಿತ್ತು, ಬೇರೇನೂ ಆಗಿರಲಿಲ್ಲ. ತಮ್ಮನ ಹೆಂಡತಿ ಮಾಲತಿ ಕೈ ಹಿಡಿದು ಕರೆದರೂ ಆ ಮನೆಯ ಹೊಸಿಲು ದಾಟಲಿಲ್ಲ. ಊರವರು ಸೇರಿ ಹೊಸ ಸೂರು ಹೊದಿಸುವವರೆಗೆ ಕುರಿದೊಡ್ಡಿಯಲ್ಲೇ ಮಲಗಿದಳು.

ಮರುವರ್ಷ ಶಿವರಾತ್ರಿ ಕಳೆಯಿತು. ಅಂಕಮ್ಮ ತನ್ನ ಪಾಲು ಕೆತ್ತುತ್ತಾ ತಮ್ಮನ ಎಲ್ಲೆಗೆ ಬಂದಳು. ನಿಲ್ಲಲಿಲ್ಲ. ಗುದ್ದಲಿ ತಿರುಗಿಸಿ ಎರಡು ಮನೆಗಳ ನಡುವೆ ಕೆಳಮುಖವಾಗಿ ಕೆತ್ತತೊಡಗಿದಳು.

"ಅಕ್ಕಾ, ಗುಡ್ಡ ಆ ಕಡೆ ಐತೆ!" ತಿಮ್ಮರಾಜು ನಗಲು ನೋಡಿದ.

ಅವಳು ತಲೆ ಎತ್ತಲಿಲ್ಲ. ಅವನ ನಗು ಬತ್ತಿತು. ಹತ್ತಿರ ಬಂದು ಕೈ ಚಾಚಿದ. "ಕೊಡಕ್ಕಾ, ಗುದ್ಲಿ. ನಾನೇ ಕೆತ್ತುತೀನಿ."

"ನೀನ್ ಕೆತ್ತಿದ್ದು ನೋಡಿವ್ನಿ, ಓಗ್ಲಾ," ಎಂದಳು ಅಂಕಮ್ಮ. ಕೆತ್ತಿದ ನೆಲವನ್ನು ಹಿಮ್ಮಡಿಯಿಂದ ಒತ್ತಿ, ಹುಲ್ಲು ಉಳಿದಿದೆಯೇ ಎಂದು ನೋಡುತ್ತಾ ಮುಂದೆ ಹೋದಳು.